ಜಾಲ್ಸೂರಿಗೆ ಹಾರಿಹೋದ ಗಂಡು ಪಾರಿವಾಳ

ಜಾಲ್ಸೂರಿನ ಬಾಡಿಗೆ ಮನೆ ಬಿಟ್ಟು ಈಶ್ವರಮಂಗಲದಲ್ಲಿ ಕಟ್ಟಿಸಿದ ಸ್ವಂತ ಮನೆಗೆ ಹೊರಟಾಗ ನಮ್ಮಲ್ಲಿ ದೊಡ್ಡ ಚರ್ಚೆ ನಡೆದದ್ದು ಅತ್ತೆಯ ಪಾರಿವಾಳಗಳ ಬಗ್ಗೆ. ಯಾರೋ ಕೊಟ್ಟ ಒಂದು ಜೋಡಿಯನ್ನು ಅವರು ಟೆರೇಸಿನಲ್ಲಿ ಸಾಕಿ ದೊಡ್ಡ ಸಂಸಾರವನ್ನೇ ಮಾಡಿದ್ದರು. ಬೆಳಿಗ್ಗೆ ಗೂಡು ತೆರೆದರೆ ಅವು ಪೇಟೆಯ ಮೇಲೆಲ್ಲ ಸುತ್ತಾಡಿ ತಾವಾಗಿಯೇ ಮರಳುತ್ತಿದ್ದವು.

"ಅಮ್ಮ, ಇವು ಹಾರಿ ಅಭ್ಯಾಸ ಆದ ಹಕ್ಕಿಗಳು. ಎಲ್ಲಿಗೆ ಕೊಂಡುಹೋದ್ರೂ ಇಲ್ಲಿಗೇ ಬರ್ತವೆ. ಯಾರಿಗಾದ್ರೂ ಕೊಡುವ," ಎಂದರು ನನ್ನ ಗಂಡ.

"ಕೊಟ್ರೆ ಮರುದಿನ ಸಾರು ಮಾಡ್ತಾರೆ. ನಾನು ಬರುದಾದ್ರೆ ಅವೂ ಬರ್ತವೆ," ಎಂದರು ಅತ್ತೆ. ಚರ್ಚೆ ಅಲ್ಲಿಗೆ ಮುಗಿಯಿತು.

ಹೊಸ ಮನೆಯ ಟೆರೇಸಿನಲ್ಲಿ ಮರದ ಗೂಡು ಎದ್ದಿತು. ಅದರ ಬಾಯಿಗೆ ಅತ್ತೆ ಸುತ್ತಲೂ ಜಾಲರಿಯಿರುವ ಒಂದು ಪೆಟ್ಟಿಗೆ ಕೂರಿಸಲು ಹೇಳಿದರು. ಹಕ್ಕಿಗಳು ಅಲ್ಲಿ ಬಂದು ಕೂರಬಹುದು, ನೋಡಬಹುದು, ಹಾರುವಂತಿಲ್ಲ. "ಮೊದಲು ಊರು ನೋಡ್ಲಿ. ಗುಡ್ಡ ಯಾವ ಕಡೆ, ರಸ್ತೆ ಯಾವ ಕಡೆ ಅಂತ ಗೊತ್ತಾಗ್ಲಿ," ಎಂಬುದು ಅವರ ಲೆಕ್ಕಾಚಾರ. ಮಳೆಗಾಲವಿಡೀ ಅವನ್ನು ಹೊರಗೆ ಬಿಡಲಿಲ್ಲ. ದಿನಾ ಸಂಜೆ ಸ್ಟೀಲ್ ಡಬ್ಬದ ಮುಚ್ಚಳ ಬಡಿದು, ಆಮೇಲೆಯೇ ಗೋಧಿ ಹಾಕುತ್ತಿದ್ದರು.

ಮಳೆ ಬಿಟ್ಟ ಮೇಲೆ ಒಂದು ಸಂಜೆ, ಹಕ್ಕಿಗಳು ಹಸಿದಿದ್ದಾಗ, ಜಾಲರಿಯ ಬಾಗಿಲು ತೆಗೆದರು. ಹೆಚ್ಚಿನವು ನೀರಿನ ಟ್ಯಾಂಕಿಯವರೆಗೆ ಹಾರಿ, ಡಬ್ಬದ ಸದ್ದಿಗೆ ಒಳಗೆ ಬಂದವು. ಬೂದು ಬಣ್ಣದ ಗಂಡೊಂದು ಮಾತ್ರ ಮೇಲಕ್ಕೇರಿತು. ಅದರ ಜೊತೆಗಾತಿಯನ್ನು ಹಿಂದಿನ ಬೇಸಿಗೆಯಲ್ಲಿ ಗಿಡುಗ ಹಿಡಿದುಕೊಂಡು ಹೋಗಿತ್ತು. ಈ ಒಂಟಿ ಗಂಡು ಆಕಾಶದಲ್ಲಿ ಒಂದು ದೊಡ್ಡ ಸುತ್ತು ಹಾಕಿ, ನೇರ ಜಾಲ್ಸೂರಿನ ದಿಕ್ಕು ಹಿಡಿಯಿತು. ಮುಚ್ಚಿದ ಬುಟ್ಟಿಯಲ್ಲಿ, ಜೀಪಿನೊಳಗೆ ಬಂದ ಹಕ್ಕಿಗೆ ದಿಕ್ಕು ಹೇಳಿದವರು ಯಾರು?

ಮರುದಿನ ಬೆಳಿಗ್ಗೆ ಹಳೆ ಮನೆಯ ಒಡತಿಯ ಫೋನ್ ಬಂತು. "ನಿಮ್ಮ ಗಂಡು ಪಾರಿವಾಳ ಇಲ್ಲಿ ಉಂಟು. ಎಂತ ಮಾಡುದು?"

ಅತ್ತೆ ಬುಟ್ಟಿಯನ್ನೂ ಗೋಧಿಯ ಡಬ್ಬವನ್ನೂ ಹಿಡಿದು ಬಸ್ಸು ಹತ್ತಿದರು. ನಾನೂ ಹೋದೆ. ಗೂಡು ತೆಗೆದ ಜಾಗದಲ್ಲಿ ಹೊಸ ಬಾಡಿಗೆಯವರ ಬಟ್ಟೆ ಒಣಗುತ್ತಿತ್ತು. ಅದೇ ಹಗ್ಗದ ಕೆಳಗೆ ಹಕ್ಕಿ ಮುದುಡಿ ಕೂತಿತ್ತು. ಮುಚ್ಚಳ ಬಡಿದದ್ದೇ ತಡ, ನಡೆದುಕೊಂಡು ಅತ್ತೆಯ ಕಾಲ ಬುಡಕ್ಕೆ ಬಂತು. ಅವರು ಬೈಯುತ್ತಾರೆಂದುಕೊಂಡಿದ್ದೆ. ಎತ್ತಿಕೊಂಡು, "ಎಷ್ಟು ಚಂದ ದಾರಿ ಹಿಡಿದೆ ಮಾರಾಯ!" ಎಂದರು.

ಮನೆಗೆ ಬಂದ ಮೇಲೆ ಪಕ್ಕದ ಮನೆಯಿಂದ ಒಂದು ಎಳೆ ಹೆಣ್ಣು ಪಾರಿವಾಳ ಕೇಳಿ ತಂದು, ಎರಡನ್ನೂ ಒಟ್ಟಿಗೆ ಗೂಡಿನ ಬೇರೆ ಖಾನೆಯಲ್ಲಿ ಬಿಟ್ಟರು. ಮೊದಮೊದಲು ಗಂಡು ಮೂಲೆ ಹಿಡಿದಿತ್ತು. ನಿಧಾನಕ್ಕೆ ಕುತ್ತಿಗೆ ಉಬ್ಬಿಸಿ ಗುಟುರು ಹಾಕತೊಡಗಿತು. ಮೊಟ್ಟೆಗಳಾದವು. ಹಗಲು ಗಂಡು, ರಾತ್ರಿ ಹೆಣ್ಣು ಎಂದು ಪಾಳಿ ಹಾಕಿಕೊಂಡು ಕಾವು ಕೊಟ್ಟವು. ಮರಿಗಳು ಬಂದು ಚೀಂಗುಟ್ಟತೊಡಗಿದ ಮೇಲೆ ಅತ್ತೆ ಮತ್ತೆ ಬಾಗಿಲು ತೆಗೆಯಲು ಹೊರಟರು.

"ಪುನಃ ಹೋದ್ರೆ?" ನನ್ನ ಗಂಡ ಕೇಳಿದರು.

"ಹೋದ್ರೆ ಪುನಃ ತರುದು. ಬಸ್ಸು ಉಂಟಲ್ಲ."

ಬೂದು ಹಕ್ಕಿ ಹೋಗಿಯೇ ಹೋಯಿತು. ಅದೇ ದಿಕ್ಕು. ಸ್ವಲ್ಪ ಹೊತ್ತಿನಲ್ಲಿ ಒಡತಿಯ ಫೋನ್. "ಬಂದಿದೆ ಅಕ್ಕ. ಹಿಡಿದು ಇಡ್ಲಾ?"

ನಾನಾಗಿದ್ದರೆ ಹೂಂ ಎನ್ನುತ್ತಿದ್ದೆ. ಅತ್ತೆ, "ಬೇಡ, ಅಲ್ಲೇ ಕೂತ್ಕೊಳ್ಳಲಿ. ಮರಿಗಳಿಗೆ ಹಸಿವಾಗುವ ಹೊತ್ತು ಅದಕ್ಕೆ ಗೊತ್ತುಂಟು," ಎಂದು ಫೋನ್ ಇಟ್ಟರು. ಹಾಗೆಂದರೇ ಹೊರತು ಟೆರೇಸಿನಿಂದ ಕೆಳಗೆ ಇಳಿಯಲಿಲ್ಲ. ಚಹಾ ಮೇಲೆ ತಂದುಕೊಟ್ಟರೆ ಅದು ತಣಿದು ಕೆನೆ ಕಟ್ಟಿತು.

ಬಿಸಿಲು ಇಳಿಯುವಾಗ ತೆಂಗಿನ ಮರಗಳ ಮೇಲಿಂದ ಬೂದು ಬಣ್ಣದ್ದೇನೋ ಬಾಣದ ಹಾಗೆ ಬಂತು. ಟ್ಯಾಂಕಿಯ ಮೇಲೆ ಕೂರಲಿಲ್ಲ, ನಮ್ಮನ್ನು ನೋಡಲಿಲ್ಲ, ನೇರ ಗೂಡಿಗೆ ನುಗ್ಗಿತು. ಎರಡೂ ಮರಿಗಳು ಅದರ ಬಾಯೊಳಗೆ ಕೊಕ್ಕು ತೂರಿಸಿದವು. ಅತ್ತೆ ಒಡತಿಗೆ ಫೋನ್ ಮಾಡಿ, "ಬಂತು ಮಾರಾಯ್ರೆ, ಬಂತು!" ಎಂದು ಕೂಗಿದ ಕೂಗಿಗೆ ಪಕ್ಕದ ಮನೆಯವರು ಅಂಗಳಕ್ಕೆ ಓಡಿಬಂದರು.

ಆಮೇಲೂ ಕೆಲವು ದಿನ ಅದು ಜಾಲ್ಸೂರಿಗೆ ಹೋಗಿ ಬರುತ್ತಿತ್ತು. ಬರಬರುತ್ತ ನಿಲ್ಲಿಸಿತು. ಹಕ್ಕಿ ನಿಲ್ಲುವುದೇ ಇಲ್ಲ ಎಂದಿದ್ದ ನನ್ನ ಗಂಡ ಈಗ ಬಂದ ನೆಂಟರಿಗೆಲ್ಲ ಈ ಕಥೆಯನ್ನು, ತಮಗೆ ಮೊದಲೇ ಗೊತ್ತಿತ್ತು ಎಂಬಂತೆ ಹೇಳುತ್ತಾರೆ. ಅತ್ತೆ ಅದನ್ನು ತಿದ್ದಲು ಹೋಗುವುದಿಲ್ಲ. ಬೆಳಿಗ್ಗೆ ಟೆರೇಸಿನಲ್ಲಿ ನಿಂತು, ಹಾರುವ ಹಕ್ಕಿಗಳನ್ನು ಕಣ್ಣಿಗೆ ಕಾಣುವಷ್ಟು ಹೊತ್ತೂ ನೋಡುತ್ತಾರೆ. ಕುತ್ತಿಗೆ ನೋವು ಬಂದರೆ ಎಣ್ಣೆ ತಿಕ್ಕುವ ಕೆಲಸ ನನ್ನದು.