ಬಸ್ಸಕ್ಕ ಕೆರೆದ ತುಕ್ಕು

ಮೊದಲು ಶಾಲೆಯ ಮಕ್ಕಳು ಅವಳನ್ನು ಬಸ್ಸಕ್ಕ ಎಂದರು. ಮಕ್ಕಳ ಬಾಯಿಂದ ಅದು ತಾಯಂದಿರ ಬಾಯಿಗೆ ಬಂತು, ಆಮೇಲೆ ಬೀದಿಗೆ ಬೀದಿಯೇ ಹಾಗೆ ಕರೆಯತೊಡಗಿತು. ಗಂಡ ಶಾಲೆಯ ಹಳದಿ ಬಸ್ಸಿನ ಡ್ರೈವರ್, ಅವಳು ಅದೇ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವವಳು. ಮದುವೆಯಾದ ಹೊಸದರಲ್ಲಿ ಆ ಬಸ್ಸು ಹತ್ತಿದವಳು, ಮಗಳ ಮದುವೆಯಾಗಿ ಮೊಮ್ಮಗು ಶಾಲೆಗೆ ಹೋಗುವ ತನಕ ಅದರಲ್ಲೇ ಇದ್ದಳು. "ಇಬ್ರಿಗೂ ಒಂದೇ ಕಡೆ ಕೆಲಸ. ಒಟ್ಟಿಗೆ ಹೋಗ್ತೀರಿ, ಒಟ್ಟಿಗೆ ಬರ್ತೀರಿ. ಪುಣ್ಯ ಮಾಡಿದ್ದೀರಿ ಬಿಡಿ" ಎಂದು ಪಕ್ಕದ ಮನೆಯವರು ಹೇಳಿದಾಗಲೆಲ್ಲ ಅವಳು ನಗುತ್ತಿದ್ದಳು.

ಬಸ್ಸು ಹೊರಟರೆ ಸಾಕು, ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಇದು ಯಾರಿಗೂ ಗೊತ್ತಿರಲಿಲ್ಲ. ಮೊದಲ ವಾರ, ರೂಢಿಯಾದರೆ ಸರಿಹೋಗುತ್ತದೆ ಅಂದುಕೊಂಡಳು. ಸರಿಹೋಗಲೇ ಇಲ್ಲ. ನಾಲಿಗೆಯಡಿ ಒಂದು ಲವಂಗ ಇಟ್ಟುಕೊಂಡು, ಹಲ್ಲು ಕಚ್ಚಿ, ಮುಂದಿನ ಗಾಜಿನ ಚೌಕಟ್ಟಿನಲ್ಲಿದ್ದ ಒಂದು ಸ್ಕ್ರೂವನ್ನು ಎವೆಯಿಕ್ಕದೆ ನೋಡುತ್ತ ಕೂರುತ್ತಿದ್ದಳು. ಯಾವ ಮಗುವಿಗೆ ವಾಂತಿ ಬರುತ್ತದೆ ಎಂಬುದು ಆ ಮಗುವಿಗಿಂತ ಮುಂಚೆ ಅವಳಿಗೆ ತಿಳಿಯುತ್ತಿತ್ತು. ಕಿವಿಯ ಹಾಲೆ ಬಿಳಿಚಿಕೊಂಡಿತೆಂದರೆ ಚೀಲ ತೆಗೆದು ಬಾಯಿಗೆ ಹಿಡಿಯುತ್ತಿದ್ದಳು. ಬಸ್ಸಕ್ಕನಿಗೆ ಮಕ್ಕಳೆಂದರೆ ಪ್ರಾಣ ಎಂದು ಶಾಲೆಯಲ್ಲಿ ಹೊಗಳುತ್ತಿದ್ದರು.

ಗಂಡನಿಗಾದರೂ ಹೇಳಬಹುದಿತ್ತು. ಆದರೆ ಆ ಕೆಲಸ ಕೊಡಿಸಲು ಅವನು ಹೆಡ್‌ಮಾಸ್ಟರ ಕೋಣೆಯ ಮುಂದೆ ಎಷ್ಟು ಸಲ ನಿಂತಿದ್ದ ಎಂಬುದನ್ನು ಅವಳೇ ಕಂಡಿದ್ದಳು. ಆಮೇಲೆ ಮಗಳು ಅದೇ ಶಾಲೆ ಸೇರಿದಳು. ಹೀಗೆ ಒಂದಾದ ಮೇಲೆ ಒಂದು ಬಂದು, ಹೇಳುವ ಕಾಲವೇ ದಾಟಿಹೋಯಿತು. ಕೊನೆಗೆ ಇಬ್ಬರೂ ಒಂದೇ ದಿನ ಕೆಲಸ ಬಿಟ್ಟರು. ಅಂದು ಬಸ್ಸಿನ ಮೆಟ್ಟಿಲಿಳಿದು ನೆಲಕ್ಕೆ ಕಾಲಿಟ್ಟಾಗ, ಇನ್ನು ಇದರ ಸಹವಾಸ ಮುಗಿಯಿತು ಎಂದು ಅವಳು ಉದ್ದಕ್ಕೆ ಉಸಿರು ಬಿಟ್ಟಳು.

ತಿಂಗಳು ಕಳೆದಿರಲಿಲ್ಲ, ಮನೆ ಮುಂದೆ ಹಾರ್ನ್ ಕೇಳಿಸಿತು. ಎಲ್ಲಿ ಕೇಳಿದರೂ ಗುರುತು ಹತ್ತುವ ಹಾರ್ನ್. ಹೊರಗೆ ಬಂದರೆ ಅದೇ ಬಸ್ಸು, ಸ್ಟೀರಿಂಗ್ ಮುಂದೆ ಗಂಡ, ಪಕ್ಕದಲ್ಲಿ ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದ ಅವನ ಗೆಳೆಯ. ಮಕ್ಕಳೆಲ್ಲ ಗಂಟೆ ಮಾಮ ಎನ್ನುತ್ತಿದ್ದ ಆ ಮನುಷ್ಯನೇ, ಬಸ್ಸನ್ನು ಶಾಲೆಯವರು ಗುಜರಿಗೆ ಹಾಕುತ್ತಾರಂತೆ ಎಂಬ ಸುದ್ದಿಯನ್ನು ಗಂಡನಿಗೆ ತಂದವನು.

"ಏನ್ರೀ ಇದು?"

"ನಮ್ಮನೆ! ಚಕ್ರ ಇರೋ ಮನೆ." ಗಂಡನ ಮುಖ ಮೊರದಗಲ ಆಗಿತ್ತು. "ಸೀಟೆಲ್ಲ ಕಿತ್ತು ಹಾಸಿಗೆ ಹಾಕೋಣ, ಒಲೆ ಇಡೋಣ. ಜೀವನ ಪೂರ್ತಿ ಗಾಣದೆತ್ತಿನ ಹಾಗೆ ಅದೇ ನಾಲ್ಕು ಬೀದಿ ಸುತ್ತಿದ್ದೀವಿ. ನೀರಿನ ಟ್ಯಾಂಕ್ ಹತ್ರ ದಿನಾ ಬಲಕ್ಕೆ ತಿರುಗಿಸ್ತಿದ್ದೆ. ಎಡಕ್ಕೆ ಹೋದ್ರೆ ಏನಿದೆ ಅಂತ ಇವತ್ತಿಗೂ ನಂಗೊತ್ತಿಲ್ಲ. ನಿಂಗೆ ಗೊತ್ತಾ?"

"ಇಲ್ಲ."

"ಮತ್ತೆ! ಇನ್ಮೇಲೆ ನಾನು ಓಡಿಸೋದು, ನೀನು ಹಿಂದಿನಿಂದ ರೈಟ್ ಅನ್ನೋದು. ಗುಜರಿ ರೇಟಿಗೇ ಕೊಂಡ್ಕೊಂಡೆ. ಹೇಳದೇ ತಂದೆ, ನಿಂಗೆ ಖುಷಿ ಆಗ್ಲಿ ಅಂತ."

ಬೇಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಾಯಿಂದ ಹೊರಬಿದ್ದದ್ದು ಬೇರೆ. "ಎಲ್ಲಿ ನಿಲ್ಲಿಸ್ತೀರಿ?" ಎಂದಳು.

ಮನೆಗೂ ಕಾಂಪೌಂಡಿಗೂ ನಡುವಿನ ಸಂದಿಯಲ್ಲಿ ನಿಲ್ಲಿಸಿದ. ಡ್ರೈವರ್ ಕಡೆ ಮನೆಯ ಗೋಡೆಗೆ ಒತ್ತಿಕೊಂಡಿತು. ಬಾಗಿಲಿನ ಕಡೆ ಒಬ್ಬರು ಅಡ್ಡಡ್ಡ ನುಸುಳುವಷ್ಟು ಜಾಗ ಉಳಿಯಿತು. ಅಡುಗೆಮನೆಯ ಕಿಟಕಿ ಅಂಗೈಯಗಲಕ್ಕಿಂತ ಹೆಚ್ಚು ತೆರೆಯಲಾಗದೆ, ಹಾಡಹಗಲಲ್ಲೇ ದೀಪ ಹಾಕಿ ಅಡುಗೆ ಮಾಡಬೇಕಾಯಿತು. ಒಲೆಯ ಮುಂದೆ ನಿಂತರೆ ಕಣ್ಣಿಗೆ ಬೀಳುತ್ತಿದ್ದುದು ಹಳದಿ ತಗಡು ಮಾತ್ರ. ಬಿಸಿಲೇರಿದರೆ ಆ ತಗಡು ಕಾದು ಒಳಗೆಲ್ಲ ರಬ್ಬರು ಮತ್ತು ಹಳೇ ಹಾಲಿನ ವಾಸನೆ. ಕಷ್ಟಪಟ್ಟು ಕಟ್ಟಿಕೊಂಡ ಮನೆಯೊಳಗೆ ನಿಂತೇ ಅವಳಿಗೆ ಹೊಟ್ಟೆ ತೊಳಸತೊಡಗಿತು.

ಬೀದಿಯ ಕೊನೆಯಲ್ಲಿ ಗೇಟು, ಗ್ರಿಲ್ ಮಾಡುವ ವೆಲ್ಡರ್ ಒಬ್ಬನಿದ್ದ. ಬಸ್ಸನ್ನು ನೋಡಲು ಅವನನ್ನು ಕರೆಸಿದರು. ಅವನು ಸ್ಕ್ರೂಡ್ರೈವರ್ ಹಿಡಿದು ಅಲ್ಲಲ್ಲಿ ಚುಚ್ಚುತ್ತ ಹೋದ. ಎರಡು ಕಡೆ ಅದು ಹಿಡಿಯ ತನಕ ಒಳಗೆ ಹೋಯಿತು.

"ಇದು ಬಸ್ಸಲ್ಲ ಅಕ್ಕಾ, ಬಣ್ಣ ಹೊಡೆದಿರೋ ಜರಡಿ."

ಬಸ್ಸಕ್ಕನ ಎದೆ ಹಗುರಾಯಿತು. "ಹಾಗಾದ್ರೆ ಆಗಲ್ಲ ಅಂತೀಯಾ?"

"ಆಗಲ್ಲ ಅಂತಲ್ಲ. ಕೂತು ಕೆರೆಯೋರು ಬೇಕು. ತುಕ್ಕೆಲ್ಲ ಕೆರೆದು ಕೊಟ್ರೆ, ಹೋಗಿರೋ ಕಡೆ ಕತ್ತರಿಸಿ ನಾನು ಹೊಸ ಶೀಟ್ ಹಾಕ್ತೀನಿ."

ಡ್ರೈವರನಿಗೆ ಮಂಡಿನೋವು. ಕ್ಲಚ್ ತುಳಿದೂ ತುಳಿದೂ ಸವೆದ ಮಂಡಿ. ಕುಕ್ಕರುಗಾಲಲ್ಲಿ ಕೂತರೆ ಏಳಲು ಎರಡು ಆಳು ಬೇಕು. ಅವನು ಹೆಂಡತಿಯ ಮುಖ ನೋಡಿದ. ಕೆರೆಯುವ ಕೆಲಸ ಹೀಗೆ ಅವಳ ತಲೆಗೆ ಬಂತು.

ಗಂಡನ ಹಳೇ ಖಾಕಿ ಅಂಗಿ ತೊಟ್ಟು, ಮೂಗಿಗೆ ಬಟ್ಟೆ ಕಟ್ಟಿ, ಅವಳು ನೆಲದ ರಬ್ಬರು ಹಾಸನ್ನು ಎಳೆದು ಕಿತ್ತಳು. ಮಕ್ಕಳ ಬಾಟಲಿಗಳಿಂದ ವರ್ಷಗಟ್ಟಲೆ ಸೋರಿದ ನೀರು ಅದರಡಿಯಲ್ಲಿ ಕಬ್ಬಿಣವನ್ನು ತಿಂದು ಹಾಕಿತ್ತು. ಮೆಟ್ಟಿಲ ಹತ್ತಿರವಂತೂ ಬೆರಳಲ್ಲಿ ಒತ್ತಿದರೆ ಪದರ ಪದರವಾಗಿ ಏಳುತ್ತಿತ್ತು. ಸುತ್ತಿಗೆಯಲ್ಲಿ ತಟ್ಟಿದಾಗ ಗಟ್ಟಿ ಜಾಗ ಠಣ್ ಎನ್ನುತ್ತದೆ, ಸತ್ತ ಜಾಗ ದಪ್ ಎನ್ನುತ್ತದೆ ಎಂದು ವೆಲ್ಡರ್ ತೋರಿಸಿಕೊಟ್ಟ. ತಟ್ಟುವುದು, ತಂತಿ ಬ್ರಷ್ಷಿನಲ್ಲಿ ಉಜ್ಜುವುದು, ಪುಡಿ ಗುಡಿಸುವುದು, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿಯುವುದು. ತುಕ್ಕಿನ ಪುಡಿ ಕೂದಲಲ್ಲಿ, ಉಗುರಲ್ಲಿ, ದಿಂಬಿನ ಮೇಲೆ. ಉಂಡ ಅನ್ನಕ್ಕೂ ಕಬ್ಬಿಣದ ರುಚಿ.

ಮಗಳು ಫೋನ್ ಮಾಡಿದಳು. "ಅಮ್ಮಾ, ಅಪ್ಪ ಫೋಟೋ ಕಳಿಸಿದ್ರು. ಈ ವಯಸ್ಸಲ್ಲಿ ನಿಮ್ಮಿಬ್ರಿಗೆ ಏನು ಹುರುಪಮ್ಮಾ!"

"ಹೂಂ" ಎಂದಳು ತಾಯಿ.

ದಿನಾ ಬೆಳಿಗ್ಗೆ ಬಸ್ಸಿನೊಳಗೆ ಕಾಲಿಡುವಾಗ, ಇವತ್ತು ಮುಚ್ಚಲಾಗದಂಥ ತೂತು ಸಿಗಲಿ ಎಂದು ಅವಳು ಒಳಗೊಳಗೇ ಬಯಸುತ್ತಿದ್ದಳು. ಸಿಕ್ಕರೆ ಖುಷಿ, ಹಿಂದೆಯೇ ನಾಚಿಕೆ. ಗಂಡ ಮಾತ್ರ ಪ್ರತಿ ತೂತಿಗೂ "ಪರವಾಗಿಲ್ಲ, ಶೀಟ್ ಹಾಕಿದ್ರೆ ಆಯ್ತು" ಎನ್ನುತ್ತಿದ್ದ. ಒಮ್ಮೆ ಅವನೇ ಆತುರಕ್ಕೆ ಬಿದ್ದು ಕಿಟಕಿಯ ಕೆಳಗಿನ ತುಕ್ಕಿನ ಮೇಲೆ, ತೂತು ಮುಚ್ಚಲು ಬಳಸುವ ಪುಟ್ಟಿಯ ಅಂಟು ಮೆತ್ತಿಬಿಟ್ಟ. ಹಾಗೇ ಬಿಟ್ಟಿದ್ದರೆ ಬಸ್ಸು ಎರಡು ಮಳೆ ಕಾಣುತ್ತಿರಲಿಲ್ಲ. ಬಿಡುವುದು ಅವಳ ಕೈಲೇ ಇತ್ತು. ಆದರೆ ಅರೆಬರೆ ಕೆಲಸ ಅವಳ ಕೈಗೆ ಬಾರದು. ಮಧ್ಯಾಹ್ನವೆಲ್ಲ ಕೂತು ಆ ಪುಟ್ಟಿಯನ್ನು ಕೆರೆದು ತೆಗೆದಳು, ಕೆರೆಯುತ್ತ ತನ್ನನ್ನೇ ಬೈದುಕೊಂಡಳು.

ಹಿಂದಿನ ಚಕ್ರದ ಮೇಲೆ ನೆಲವನ್ನು ಹೊರುವ ಒಂದು ಅಡ್ಡ ತೊಲೆಯಿತ್ತು. "ಅದು ಹೋಗಿದ್ರೆ ಈ ಬಸ್ಸಿನ ಆಸೆ ಬಿಟ್ಬಿಡಿ" ಎಂದಿದ್ದ ವೆಲ್ಡರ್. ನೋಡಬೇಕಾದರೆ ಅಂಗಾತ ಮಲಗಿ ಕೆಳಗೆ ತೆವಳಬೇಕು. ಅವಳೇ ತೆವಳಿದಳು. ಮೆತ್ತಿಕೊಂಡಿದ್ದ ಒಣ ಕೆಸರನ್ನು ಕೆರೆದು ಸುತ್ತಿಗೆಯಿಂದ ತಟ್ಟಿದಳು. ಠಣ್ ಎಂದಿತು. ಇನ್ನೊಂದು ತುದಿಯಲ್ಲಿ ತಟ್ಟಿದಳು. ಅಲ್ಲೂ ಠಣ್.

ಹೊರಗೆ ಗಂಡನ ಚಪ್ಪಲಿ ಕಾಣುತ್ತಿತ್ತು. "ಏನಂತೆ?" ಎಂದ ಅವನು. ಹೋಗಿದೆ ಎನ್ನುವ ಒಂದು ಮಾತು ಸಾಕಿತ್ತು. ಅವನಿಗೆ ಬಗ್ಗಿ ನೋಡಲು ಆಗದು, ಅವಳ ಮಾತನ್ನು ವೆಲ್ಡರನೂ ಅನುಮಾನಿಸುತ್ತಿರಲಿಲ್ಲ. ಮುಖದ ಮೇಲೆ ತುಕ್ಕು ಉದುರುತ್ತಿದ್ದರೂ ಅವಳು ಹಾಗೇ ಮಲಗಿದ್ದಳು.

"ಗಟ್ಟಿ ಇದೆ" ಎಂದಳು ಕೊನೆಗೆ.

ಅವನು ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಅವಳು ಬಸ್ಸಿನಡಿ ಮಲಗಿಯೇ ಅತ್ತಳು. ಹೊರಗೆ ಬಂದಾಗ ಕಣ್ಣಿಗೆ ಪುಡಿ ಬಿತ್ತು ಎಂದಳು.

ಆ ವಾರವೇ ಗಂಡ ಹಿಂದಿನ ತುರ್ತು ಬಾಗಿಲನ್ನು ವೆಲ್ಡ್ ಮಾಡಿಸಿ ಮುಚ್ಚಿಸಿದ. "ಆ ಬಾಗಿಲು ಇರ್ಲಿ ರೀ" ಎಂದು ಅವಳು ಅಂದದ್ದನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಸಿಗೆ ಬರುವುದು ಅಲ್ಲೇ, ತಲೆಯ ಹತ್ತಿರ ಗಾಳಿ ನುಗ್ಗುತ್ತದೆ ಎಂಬುದು ಅವನ ವಾದ.

ಒಂದು ಮಧ್ಯಾಹ್ನ ಗಂಡ ಮತ್ತು ವೆಲ್ಡರ್ ಶೀಟ್ ತರಲು ಹೋಗಿದ್ದರು. ಅವಳು ಒಳಗೆ ಕೂತು ಬಣ್ಣ ಬಳಿಯುತ್ತಿದ್ದಳು. ಮುಂದಿನ ಮಡಚುವ ಬಾಗಿಲ ಕೀಲುಗಳನ್ನು ಕೆರೆಯಲೆಂದು ಸಡಿಲಿಸಿದ್ದರು. ಜೋರಾಗಿ ಗಾಳಿ ಬೀಸಿ ಬಾಗಿಲು ಬಡಿದುಕೊಂಡಿತು. ಕೆಳಗಿನ ಕೀಲು ಗೂಟದಿಂದ ಜಾರಿ, ಬಾಗಿಲು ಓರೆಯಾಗಿ ಕಚ್ಚಿಕೊಂಡಿತು. ತಳ್ಳಿದಳು, ಒದ್ದಳು. ಜಗ್ಗಲಿಲ್ಲ. ಮಕ್ಕಳು ಕೈ ಹೊರಗೆ ಹಾಕದಿರಲೆಂದು ಕಿಟಕಿಗಳಿಗೆ ಕಂಬಿ ಬಡಿದಿದ್ದರು. ಡ್ರೈವರ್ ಕಡೆಯ ಬಾಗಿಲು ತೆರೆದರೆ ಗೋಡೆ. ಹಿಂದಿನ ಬಾಗಿಲು ಬೆಸೆದುಹೋಗಿತ್ತು. ಬಿಸಿಲಿಗೆ ತಗಡು ಕಾಯುತ್ತಿತ್ತು, ಬಣ್ಣದ ಘಾಟು ತಲೆಗೇರುತ್ತಿತ್ತು. ಫೋನು ಅಡುಗೆಮನೆಯಲ್ಲಿತ್ತು. ಕೂಗಿದಳು. ಅವಳ ದನಿ ತಗಡಿಗೆ ಬಡಿದು ಅವಳಿಗೇ ವಾಪಸು ಬಂತು. ನಿಂತ ಬಸ್ಸು ಓಡಿದಂತಾಗಿ, ಬಾಯಲ್ಲಿ ನೀರೂರಿ, ಅವಳು ಎರಡು ಕೈಯಲ್ಲೂ ಕಂಬಿ ಹಿಡಿದುಕೊಂಡಳು.

ಹಿಂದಿನ ಚಕ್ರದ ಪಕ್ಕ ಕೊಳೆತ ನೆಲವನ್ನು ಕತ್ತರಿಸಿ ತೆಗೆದ ಜಾಗವಿತ್ತು. ಕಾಲು ಜಾರದಿರಲೆಂದು ಮೇಲೆ ಹಲಗೆ ಮುಚ್ಚಿದ್ದರು. ಅವಳು ಹಲಗೆ ಸರಿಸಿ, ಗರಗಸದಂತಿದ್ದ ಅಂಚಿಗೆ ರಬ್ಬರು ಹಾಸಿನ ತುಂಡು ಹಾಸಿ, ಕಾಲು ಕೆಳಗೆ ಬಿಟ್ಟಳು. ಸೊಂಟದ ತನಕ ಇಳಿದು ಸಿಕ್ಕಿಕೊಂಡಳು. ಮೇಲೆ ಹತ್ತಲೂ ಆಗದು, ಕೆಳಗೆ ಇಳಿಯಲೂ ಆಗದು. ಅರ್ಧ ಬಸ್ಸಿನೊಳಗೆ, ಅರ್ಧ ಹೊರಗೆ. ಎಷ್ಟೋ ಹೊತ್ತು ಹಾಗೇ ನೇತಾಡಿ, ಕೊನೆಗೆ ಉಸಿರೆಲ್ಲ ಹೊರಗೆ ಬಿಟ್ಟು ಮೈ ತಿರುಚಿದಳು. ಅಂಗಿ ಹರಿಯಿತು, ಪಕ್ಕೆ ತರಚಿತು, ಅವಳು ನೆಲಕ್ಕೆ ಬಿದ್ದಳು. ತೆವಳಿ ಬೀದಿಗೆ ಬಂದು, ಇಷ್ಟು ವರ್ಷ ತಡೆದಿಟ್ಟದ್ದನ್ನೆಲ್ಲ ಒಮ್ಮೆಗೇ ಎಂಬಂತೆ ಕಾರಿಕೊಂಡಳು.

ಗಂಡ ಬಂದು ನೋಡಿ ಗಾಬರಿಬಿದ್ದ. ನೀರು ತಂದುಕೊಟ್ಟ, ಬೆನ್ನು ಸವರಿದ. "ಬಣ್ಣದ ವಾಸನೆಗೆ ಆಗಿರ್ಬೇಕು, ಅಲ್ವಾ?"

"ಅಲ್ಲ ರೀ. ಬಸ್ಸು ಹತ್ತಿದ ಮೊದಲ ದಿನದಿಂದ ಹೀಗೇನೆ. ನಂಗೆ ಬಸ್ಸು ಆಗಲ್ಲ."

"ಕನ್ನಡಿಯಲ್ಲಿ ದಿನಾ ನೋಡ್ತಿದ್ನಲ್ಲ ನಿನ್ನ. ಯಾವಾಗ್ಲೂ ನಗ್ತಾ ಕೂತಿರ್ತಿದ್ದೆ."

"ನಗ್ತಿರ್ಲಿಲ್ಲ. ಹಲ್ಲು ಕಚ್ಕೊಂಡಿರ್ತಿದ್ದೆ."

"ಒಂದು ಮಾತು ಹೇಳಬಾರದಿತ್ತಾ?"

"ಕೆಲಸಕ್ಕೆ ನೀವು ಅಷ್ಟು ಅಲೆದಿದ್ರಿ. ಹೇಗೆ ಹೇಳ್ಲಿ? ಆಮೇಲೆ ಇದನ್ನ ತಂದು ನಿಲ್ಲಿಸಿದಾಗ ನಿಮ್ಮ ಮುಖ ನೋಡಿದೆ. ಆಗ ಹೇಗೆ ಹೇಳ್ಲಿ?"

ಅವನು ಎದ್ದು ಮನೆಯೊಳಗೆ ಹೋದ. ಮರುದಿನ "ಮಾರಿಬಿಡ್ತೀನಿ" ಎಂದ. ನೆಲವೇ ಇಲ್ಲದ ಬಸ್ಸನ್ನು ಯಾರು ಕೊಳ್ಳುತ್ತಾರೆ? ಗುಜರಿಯವನು ಕೂಡ ಒಂದು ಸುತ್ತು ಹಾಕಿ, ಆಮೇಲೆ ಬರ್ತೀನಿ ಎಂದು ಹೋದವನು ಬರಲಿಲ್ಲ. ಬಸ್ಸು ಸಂದಿಯಲ್ಲೇ ಉಳಿಯಿತು. ಗಂಡ ಬೆಳಿಗ್ಗೆ ಎದ್ದು ಹೋಗಿ ಡ್ರೈವರ್ ಸೀಟಿನಲ್ಲಿ ಕೂರುತ್ತಿದ್ದ. ಎಂಜಿನ್ ಸದ್ದಿಲ್ಲ, ಸೀಟಿನ ಸ್ಪ್ರಿಂಗಿನ ಕಿರುಗುಟ್ಟುವಿಕೆ ಮಾತ್ರ. ಒಲೆಯ ಮುಂದೆ ನಿಂತ ಅವಳಿಗೆ ಅದು ಕೇಳುತ್ತಿತ್ತು. ಹೇಳಿದ್ದರಿಂದ ಬಿಡುಗಡೆಯಾಗುತ್ತದೆ ಅಂದುಕೊಂಡಿದ್ದಳು. ಮೊದಲು ಒಬ್ಬಳೇ ಸಿಕ್ಕಿಬಿದ್ದಿದ್ದಳು, ಈಗ ಇಬ್ಬರೂ.

ಮಳೆ ಶುರುವಾಯಿತು. ಅವಳು ಕೆರೆದು ಬಣ್ಣ ಬಳಿಯದೆ ಬಿಟ್ಟಿದ್ದ ಕಡೆಯಲ್ಲೆಲ್ಲ ತುಕ್ಕು ಮತ್ತೆ ಎದ್ದಿತು. ಒಂದು ಬೆಳಿಗ್ಗೆ ಅವಳು ಬ್ರಷ್ಷು ಹಿಡಿದು ಒಳಗೆ ಹೋದಳು. ಸ್ಟೀರಿಂಗ್ ಹಿಡಿದು ಕೂತಿದ್ದ ಗಂಡ ತಿರುಗಿ ನೋಡಿದ.

"ಯಾಕೆ ಉಜ್ಜುತ್ತೀಯ? ನೀನು ಬರಲ್ವಲ್ಲ."

"ನಾನು ಬರಲ್ಲ. ನೀವು ಹೋಗಿ."

"ಒಬ್ನೇನಾ?"

"ಗಂಟೆ ಮಾಮನ್ನ ಕರ್ಕೊಂಡ್ಹೋಗಿ. ಪಾಪ, ಮಗನ ಮನೇಲಿ ಸೋಫಾ ಮೇಲೆ ಮುದುಡ್ಕೊಂಡು ಮಲಗ್ತಾರೆ. ಇಲ್ಲಾದ್ರೂ ಕಾಲು ಚಾಚ್ಲಿ."

ಅವನು ಮುಖ ಆಚೆ ತಿರುಗಿಸಿದ. ಆಮೇಲೆ ಕನ್ನಡಿಯಲ್ಲಿ ನೋಡಿ, "ಆ ಮೂಲೇಲಿ ಬಿಟ್ಟಿದ್ದೀಯ ನೋಡು" ಎಂದ.

"ಕಾಣ್ತಿದೆ ನಂಗೆ" ಎಂದಳು. ಉಜ್ಜುತ್ತಿದ್ದುದು ಗಂಡನ ಮೇಲಿನ ಪ್ರೀತಿಗೋ, ಬಸ್ಸು ಒಮ್ಮೆ ತೊಲಗಲಿ ಎಂದೋ, ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ವೆಲ್ಡರ್ ಬಂದಾಗ ಮೊದಲು ಹಿಂದಿನ ತುರ್ತು ಬಾಗಿಲನ್ನು ಕತ್ತರಿಸಿ ಬಿಡಿಸು ಎಂದಳು. ಬಿಡಿಸಿದ ಮೇಲೆಯೇ ನೆಲಕ್ಕೆ ಶೀಟ್ ಹಾಕಲು ಬಿಟ್ಟಳು.

ಮಳೆಗಾಲ ಮುಗಿಯುವ ಹೊತ್ತಿಗೆ ಗೆಳೆಯರಿಬ್ಬರೂ ಹೊರಟರು. ಬೀದಿಯವರ ಬಾಯಿ ಸುಮ್ಮನಿರಲಿಲ್ಲ. ಗಂಡ ಬಿಟ್ಟು ಹೋದನಂತೆ ಎಂದರು ಕೆಲವರು, ಇವಳೇ ಓಡಿಸಿದಳಂತೆ ಎಂದರು ಇನ್ನು ಕೆಲವರು. ಅಂಗಡಿಗೆ ಹೋದರೆ ಮಾತು ತಟ್ಟನೆ ನಿಲ್ಲುತ್ತಿತ್ತು. ಮೊದಲ ದಿನಗಳಲ್ಲಿ ಅವಳಿಗೂ ಮನೆ ಭಣಗುಟ್ಟಿತು. ಸಂಜೆಯಾದರೆ ಕೈ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ವೆಲ್ಡರ್ ಒಂದು ಹಳೇ ಗೇಟು ತಂದು ಅಂಗಳದಲ್ಲಿ ಒರಗಿಸಿದ. "ಅಕ್ಕಾ, ನಿಮ್ಮಷ್ಟು ನೀಟಾಗಿ ಕೆರೆಯೋರು ನಂಗೆ ಸಿಗಲ್ಲ." ಅವಳು ಬೈಯುತ್ತಲೇ ಬ್ರಷ್ಷು ತೆಗೆದುಕೊಂಡಳು.

ಗಂಡ ಕೆಲವು ವಾರ ಸುತ್ತಿ ಬರುತ್ತಾನೆ, ಕೆಲವು ದಿನ ಮನೆಯಲ್ಲಿದ್ದು ಮತ್ತೆ ಹೊರಡುತ್ತಾನೆ. ಪ್ರತಿ ಸಲವೂ "ಬರ್ತೀಯಾ?" ಎಂದು ಕೇಳುತ್ತಾನೆ. ಅವಳು "ಇಲ್ಲ" ಎನ್ನುತ್ತಾಳೆ. ಅವನ ಮುಖ ಸಣ್ಣದಾಗುತ್ತದೆ, ಅವಳಿಗೆ ಸಂಕಟವಾಗುತ್ತದೆ, ಬಸ್ಸು ಹೊರಡುತ್ತದೆ.

ಮೊನ್ನೆ ಅವಳು ಗೇಟು ಉಜ್ಜುತ್ತಿದ್ದಾಗ ಫೋನ್ ಬಂತು.

"ನೋಡು, ಇಲ್ಲಿ ಮಳೆ. ಮಾಮನ ಹಾಸಿಗೆ ಮೇಲೆ ಸೋರ್ತಾ ಇದೆ. ದೀಪದ ಪಕ್ಕದಿಂದ."

"ತೂತು ದೀಪದ ಹತ್ರ ಇರಲ್ಲ ರೀ. ನೀರು ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಇಳಿಯುತ್ತೆ. ಮಳೆ ನಿಂತ ಮೇಲೆ ಚಾವಣಿ ಮೇಲೆ ಮುಂದಿನ ರಿವೆಟ್ ಮೊಳೆ ಸಾಲು ನೋಡಿ. ಈಗ ಕೆಳಗೆ ಒಂದು ಪಾತ್ರೆ ಇಡಿ."

"ಪಾತ್ರೆ ಎಲ್ಲಿದೆ?"

"ಒಲೆ ಕೆಳಗಿನ ಗೂಡಲ್ಲಿ, ಎಡಗಡೆ."

ಏನೋ ಬಿದ್ದ ಸದ್ದು, ಗಂಟೆ ಮಾಮ ಗೊಣಗಿದ್ದು ಕೇಳಿಸಿತು.

"ಸಿಗ್ತಿಲ್ಲ. ನೀನಿದ್ದಿದ್ರೆ..."

"ಬಕೆಟ್ ಇಡಿ ಹಾಗಾದ್ರೆ" ಎಂದಳು ಬಸ್ಸಕ್ಕ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಕೈಯಲ್ಲಿದ್ದ ಬ್ರಷ್ಷು ನಿಲ್ಲಿಸದೆ.