ಪುಟ್ಟಿ ಮೆತ್ತಿದ ಚಕ್ರ

ಕಾರು ತಮ್ಮದೆಂದು ಬೀಗುವವರೆಲ್ಲ ಒಮ್ಮೆ ನನ್ನ ಅತ್ತಿಗೆಯ ಶೆಡ್ಡಿಗೆ ಬಂದು, ಬಿಚ್ಚಿಟ್ಟ ಚಕ್ರದ ಒಳಮೈ ನೋಡಬೇಕು. ಬ್ರೇಕಿನ ಕರಿಪುಡಿ ಗ್ರೀಸಿನೊಂದಿಗೆ ಸೇರಿ ಹೆಪ್ಪುಗಟ್ಟಿರುತ್ತದೆ. ನಡುವೆ ಯಾರದೋ ಕೂದಲು, ಹೊರಮೈಯಲ್ಲಿ ನಾಯಿ ಕಾಲೆತ್ತಿದ ಹಳದಿ ಕಲೆ. ಒಳಗೆ ಕೂತವರು ಮಾತ್ರ ಸೀಟಿಗೆ ಸುಗಂಧ ಹೊಡೆದುಕೊಂಡು ಓಡಾಡುತ್ತಾರೆ. ನನಗಂತೂ ನೋಡಿದ ದಿನ ಅನ್ನ ಸೇರುವುದಿಲ್ಲ.

ಅತ್ತಿಗೆ ಆ ಹೊಲಸನ್ನು ಹಳೆಯ ಟೂತ್‌ಬ್ರಷ್ಷಿನಲ್ಲಿ ತಿಕ್ಕಿ ತೆಗೆಯುತ್ತಾಳೆ. ನನಗಿಂತ ಚಿಕ್ಕವಳು, ಹಾಗಾಗಿ ನಮ್ಮಲ್ಲಿ ಬಹುವಚನದ ಉಪಚಾರವಿಲ್ಲ. ಸವೆದ ಅಲ್ಯೂಮಿನಿಯಂ ಚಕ್ರಗಳನ್ನು ಹೊಸದರಂತೆ ಮಾಡುವ ಈ ಕೆಲಸ ಶುರು ಮಾಡಿದ್ದು ನನ್ನ ಅಣ್ಣ. ಜಗತ್ತನ್ನೇ ಗೆಲ್ಲುವವನಂತೆ ಕಂಪ್ರೆಸರ್ ತಂದು ಕೂರಿಸಿದ. ಕೈಗೆ ತುರಿಕೆ ಎಂದು ಬೇಗನೆ ಕೈತೊಳೆದುಕೊಂಡ. ಅಂದಿನಿಂದ ಅವನ ಪಾಲಿಗೆ ಬಾಗಿಲಲ್ಲಿ ನಿಂತು ಗಿರಾಕಿಗಳಿಗೆ ಬೆಣ್ಣೆ ಹಚ್ಚುವ ಕೆಲಸ, ಇವಳ ಪಾಲಿಗೆ ಉಳಿದದ್ದೆಲ್ಲ.

ಇವಳದೊಂದು ಪದ್ಧತಿಯಿದೆ. ಎಂಥ ಚಕ್ರವೇ ಬರಲಿ, ಹಳೆಯ ಬಣ್ಣ ಪೂರ್ತಿ ಕೆರೆದು, ಬರಿಯ ಲೋಹಕ್ಕೆ ಸೀಮೆಎಣ್ಣೆ ಸವರುತ್ತಾಳೆ. ಸ್ವಲ್ಪ ಹೊತ್ತು ಬಿಟ್ಟು, ಒರೆಸಿ ಒಣಗಿಸಿ, ಸೀಮೆಸುಣ್ಣದ ಪುಡಿ ಉದುರಿಸುತ್ತಾಳೆ. ಎಲ್ಲಾದರೂ ಬಿರುಕಿದ್ದರೆ ಒಳಗಿಳಿದ ಎಣ್ಣೆ ಜಿನುಗಿ ಬಿಳಿಯ ಮೇಲೆ ಗೆರೆ ಮೂಡುತ್ತದೆ; ಅಂಥ ಚಕ್ರ ಓಡುವಾಗಲೇ ಒಡೆಯಬಹುದು. "ಚಕ್ರಕ್ಕೆ ಪೌಡರ್ ಬೇರೆ ಹಚ್ತೀಯಾ, ಮದುವೆ ಮಾಡ್ತೀಯಾ?" ಎಂದು ಅಣ್ಣ ಗಿರಾಕಿಗಳ ಮುಂದೆ ಹಲ್ಲು ಕಿರಿಯುತ್ತಾನೆ. ಅವಳು ತಲೆ ಎತ್ತುವುದೂ ಇಲ್ಲ.

ಶಾಲೆಗೆ ರಜೆ ಬಿದ್ದಾಗ ಮಕ್ಕಳ ವ್ಯಾನಿನ ಚಕ್ರಗಳು ಶೆಡ್ಡಿಗೆ ಬಂದವು. ನನ್ನ ಮಗಳು ದಿನಾ ಹೋಗಿ ಬರುವುದು ಆ ಹಳೆಯ ವ್ಯಾನಿನಲ್ಲೇ. ಅತ್ತಿಗೆ ತನ್ನ ತಾಯಿಯ ಆರೈಕೆಗೆಂದು ತವರಿಗೆ ಹೋಗಿದ್ದ ಸಮಯದಲ್ಲಿ ಅಣ್ಣನೇ ಅದರ ಚಕ್ರಗಳಿಗೆ ಬಣ್ಣ ಹೊಡೆದುಕೊಟ್ಟಿದ್ದನಂತೆ. ಆ ಬಣ್ಣ ಅಷ್ಟರಲ್ಲೇ ಗುಳ್ಳೆ ಎದ್ದು ಸಿಪ್ಪೆ ಸುಲಿಯುತ್ತಿತ್ತು. ನಾನು ಊಟದ ಡಬ್ಬಿ ಹಿಡಿದು ಹೋದಾಗ ವಯಸ್ಸಾದ ವ್ಯಾನ್ ಡ್ರೈವರ್ ಸ್ಟೂಲಿನ ಮೇಲೆ ಕೂತಿದ್ದರು. ಅತ್ತಿಗೆ ಮೊದಲ ಚಕ್ರದ ಒಳಮೈ ಕೆರೆಯುತ್ತಿದ್ದಳು.

ಬಣ್ಣದ ಅಡಿಯಿಂದ ಪುಟ್ಟಿ ಬಂತು. ಗೀರು ಮುಚ್ಚಲು ತೆಳ್ಳಗೆ ಸವರುವಷ್ಟಲ್ಲ, ಗೋಡೆಯ ತೂತಿಗೆ ತುರುಕುವಷ್ಟು. ಅದರ ಮೇಲೆ ಹೆಬ್ಬೆರಳಿನಿಂದ ಎಳೆದ ಅಗಲವಾದ ಗುರುತು. ಅಣ್ಣನಿಗೆ ತಗಡಿನ ಪಟ್ಟಿ ಹಿಡಿದು ಪುಟ್ಟಿ ಎಳೆಯುವಷ್ಟು ತಾಳ್ಮೆ ಎಂದೂ ಇರಲಿಲ್ಲ. ಅತ್ತಿಗೆ ಗುರುತು ಹಿಡಿದಳು ಎಂದು ಅವಳ ಕೈ ನಿಂತ ರೀತಿಯಲ್ಲೇ ನನಗೆ ತಿಳಿಯಿತು. ಅವಳು ಪುಟ್ಟಿಯನ್ನೆಲ್ಲ ಎಬ್ಬಿಸಿ ತೆಗೆದು, ಎಣ್ಣೆ ಸವರಿ, ಒರೆಸಿ, ಪುಡಿ ಉದುರಿಸಿದಳು.

ಗೆರೆ ಚಕ್ರದ ಅಂಚಿನಿಂದ ಹೊರಟು ನಡುವಿನ ಕಡ್ಡಿಯ ಬುಡದವರೆಗೂ ಹೋಯಿತು.

"ಇದು ಯಾವ ಚಕ್ರ?" ಎಂದಳು.

"ಮುಂದಿಂದು, ಎಡಗಡೆದು," ಎಂದರು ಡ್ರೈವರ್. ಅವರ ಧ್ವನಿ ಇಳಿದಿತ್ತು. "ಏನಮ್ಮಾ ಅದು?"

ಬಾಗಿಲಲ್ಲಿದ್ದ ಅಣ್ಣ ಒಳಗೆ ಬಂದ. ಬಗ್ಗಿ ನೋಡಿ ಚು ಚು ಎಂದ. "ನಮಗಿಂತ ಹಿಂದೆ ಯಾರೋ ಮಾಡಿರೋ ಕೆಲಸ ಯಜಮಾನ್ರೇ. ಇಂಥವರೂ ಇರ್ತಾರೆ, ಏನ್ ಮಾಡೋದು." ಹೇಳುವಾಗ ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಚಕ್ರದ ಕೊಳಕು ಕಂಡು ಎಷ್ಟೋ ಸಲ ಊಟ ಬಿಟ್ಟಿದ್ದೇನೆ ನಾನು. ಆದರೆ ಅವನ ಆ ಮುಖ ಕಂಡಾಗ ಆದಂಥ ಹೇಸಿಗೆ ಎಂದೂ ಆಗಿರಲಿಲ್ಲ. ಒಡಹುಟ್ಟಿದವನಲ್ಲ ಎನ್ನಲೂ ದಾರಿಯಿಲ್ಲ, ಮೂಗು ನನ್ನದರಂತೆಯೇ ಇದೆ.

"ಹಿಂದೆ ಮಾಡಿದ್ದು ನೀನೇ ಅಲ್ವೇನೋ?" ಎಂದೆ. "ಬಿರುಕು ಕಾಣಿಸಿತ್ತಾ ಇಲ್ವಾ, ಅಷ್ಟು ಹೇಳು."

"ಕೂದಲೆಳೆಯಷ್ಟಿತ್ತು ಕಣೇ. ಚಕ್ರದ ಹಿಂಬದಿ ಯಾರು ನೋಡ್ತಾರೆ?"

"ನನ್ನ ಮಗಳು ಅದೇ ವ್ಯಾನಲ್ಲಿ ಕೂತ್ಕೊಳ್ತಾಳೆ."

"ಏನೂ ಆಗಿಲ್ವಲ್ಲ. ಸುಮ್ನೆ ಯಾಕೆ ರಂಪ ಮಾಡ್ತೀಯ?" ಅಷ್ಟು ಹೇಳಿ ಅವನು ಅತ್ತಿಗೆಯ ಕಡೆ ತಿರುಗಿ ದನಿ ತಗ್ಗಿಸಿದ. "ಈ ಸಲ ಸರಿಯಾಗಿ ಬೆಸುಗೆ ಹಾಕ್ಸಿ ಬಣ್ಣ ಹೊಡೆದುಬಿಡೋಣ ಬಿಡೆ. ಹೊರಗೆ ಗೊತ್ತಾದ್ರೆ ಅಂಗಡಿ ಮುಚ್ಚಬೇಕಾಗುತ್ತೆ."

ಅತ್ತಿಗೆ ಗ್ರೈಂಡರಿಗೆ ಕೊಯ್ಯುವ ತೆಳು ಬಿಲ್ಲೆ ಹಾಕಿ, ಚಕ್ರವನ್ನು ಕಾಲಡಿ ಒತ್ತಿ ಹಿಡಿದು, ಅಂಚನ್ನು ಅಡ್ಡಡ್ಡ ಕೊಯ್ಯತೊಡಗಿದಳು. ಅಣ್ಣ ಕೂಗಾಡಿದ್ದು ಆ ಸದ್ದಿನಲ್ಲಿ ನಮಗೆ ಕೇಳಿಸಲಿಲ್ಲ. ಇನ್ಯಾರೂ ಮೆತ್ತಿ ಮಾರಲಾಗದಂತೆ ಅದನ್ನು ಎರಡು ಕಡೆ ಕಡಿದ ಮೇಲೆಯೇ ಅವಳು ಸ್ವಿಚ್ ಆರಿಸಿದ್ದು.

"ಪುಟ್ಟಿ ಮೆತ್ತಿದ್ದು ಇದೇ ಶೆಡ್ಡಲ್ಲಿ," ಎಂದು ಡ್ರೈವರಿಗೆ ಹೇಳಿದಳು. "ಮಿಕ್ಕ ಮೂರೂ ನೋಡ್ತೀನಿ. ನಾನು ಹೇಳೋ ತನಕ ವ್ಯಾನ್ ತೆಗೀಬೇಡಿ."

ಅವರು ತಲೆಯಾಡಿಸಿದರು. ಅತ್ತಿಗೆ ಕೈಯ ಬೂದಿಬಣ್ಣದ ಲೋಹದ ಪುಡಿ ಸೆರಗಿಗೆ ಒರೆಸಿಕೊಂಡು ಗಂಡನನ್ನು ನೋಡಿದಳು.

"ನಾನಿಲ್ಲದಾಗ ಇನ್ನೆಷ್ಟು ಚಕ್ರಕ್ಕೆ ಹೀಗೆ ಮೆತ್ತಿದ್ದೀರ?"

ಒಂದೂ ಇಲ್ಲ ಎನ್ನುತ್ತಾನೆ ಎಂದುಕೊಂಡೆ. ಸುಳ್ಳಾದರೂ ಸರಿ, ಹಾಗೆ ಅನ್ನಲಿ ಎಂದು ಕಾದೆ. ಅಣ್ಣ ಶೆಡ್ಡಿನ ತಗಡು ನೋಡುತ್ತ, ಒಂದೊಂದಾಗಿ ನೆನಪು ಮಾಡಿಕೊಳ್ಳತೊಡಗಿದ.