ಫ್ರಿಡ್ಜಿನ ದುಡ್ಡಿಗೆ ಬಂದ ರೈಫಲ್

ಕೊರೊನಾ ಹಾವಳಿ ಇಳಿದು ಶಾಲೆಗಳು ಮತ್ತೆ ಬಾಗಿಲು ತೆರೆದ ವರ್ಷ. ಅಷ್ಟು ಹೊತ್ತಿಗೆ ನಾನು ಪೊಲೀಸ್ ಇಲಾಖೆಯ ಆರ್ಮರರ್ ಹುದ್ದೆಯಿಂದ ನಿವೃತ್ತನಾಗಿ ಮಧುಗಿರಿಯಲ್ಲಿ ನೆಲೆ ನಿಂತಿದ್ದೆ. ಆರ್ಮರರ್ ಎಂದರೆ ಬಂದೂಕುಗಳನ್ನು ಬಿಚ್ಚಿ, ಶುಚಿ ಮಾಡಿ, ಸವೆದ ಭಾಗ ಬದಲಿಸಿ, ಗುರಿ ಸರಿಪಡಿಸಿ ಕೊಡುವವನು. ನೌಕರಿಯುದ್ದಕ್ಕೂ ಸಾವಿರಾರು ಬಂದೂಕುಗಳು ಕೈದಾಟಿ ಹೋಗಿದ್ದವು, ನನ್ನದು ಅಂತ ಒಂದೂ ಇರಲಿಲ್ಲ. ನಿವೃತ್ತಿಯ ನಂತರ ಕೊರಟಗೆರೆ ರಸ್ತೆಯ ಬದಿ, ಕೆಲಸ ನಿಂತುಹೋದ ಕಲ್ಲುಕ್ವಾರಿಯೊಂದರಲ್ಲಿ ನಡೆಯುತ್ತಿದ್ದ ಚಿಕ್ಕ ರೈಫಲ್ ಕ್ಲಬ್ಬಿನವರು ತರಬೇತಿ ಕೊಡಲು ಕರೆದರು. ಮೂರು ಕಡೆ ಬಂಡೆಯ ಗೋಡೆ, ಎದುರಿಗೆ ಮಣ್ಣಿನ ದಿಬ್ಬ, ಐವತ್ತು ಮೀಟರ್ ದೂರಕ್ಕೆ ಗುರಿಹಲಗೆಗಳು. ಗುಂಡು ಹಾರಿಸುವುದಕ್ಕೆ ಅದಕ್ಕಿಂತ ಸುರಕ್ಷಿತ ಜಾಗ ಆ ಸುತ್ತಿನಲ್ಲಿ ಇರಲಿಲ್ಲ.

ಅಲ್ಲಿಗೆ ಪ್ರತಿ ಭಾನುವಾರ ಶಿರಾದಿಂದ ಮೊದಲ ಬಸ್ಸು ಹಿಡಿದು ಬರುತ್ತಿದ್ದವಳು ನಸೀಮಾ. ಖಾಸಗಿ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಣದ ಟೀಚರ್, ಎರಡು ಮಕ್ಕಳ ತಾಯಿ. ಕಾಲೇಜಿನ ಎನ್‌ಸಿಸಿಯಲ್ಲಿ ಚೆನ್ನಾಗಿ ಗುರಿ ಹೊಡೆಯುತ್ತಿದ್ದಳಂತೆ, ಮದುವೆಯಾದ ಮೇಲೆ ಬಿಟ್ಟುಹೋಗಿತ್ತು. ಅವಳು ನೆಲದ ಮೇಲೆ ಬೋರಲು ಮಲಗಿ ಮೊದಲ ಸಲ ಹೊಡೆದಾಗಲೇ ನನಗೆ ಗೊತ್ತಾಯಿತು, ಇವಳ ಉಸಿರು ಇವಳ ಮಾತು ಕೇಳುತ್ತದೆ ಅಂತ. ಗುಂಡು ಹಾರುವ ಕ್ಷಣದಲ್ಲಿ ಅವಳ ಕಣ್ಣು ಮಿಟುಕುತ್ತಿರಲಿಲ್ಲ. ಇದನ್ನು ಕಲಿಸಲು ಹೋಗಿ ಎಷ್ಟೋ ಕಾನ್‌ಸ್ಟೇಬಲ್‌ಗಳ ಹತ್ತಿರ ನಾನು ಸೋತಿದ್ದೇನೆ.

ಕ್ಲಬ್ಬಿಗೆ ಇದ್ದದ್ದು ಸಣ್ಣ ಗುಂಡು ಹಾಕುವ ಒಂದೇ ಪಾಯಿಂಟ್ ಟೂ ಟೂ ರೈಫಲ್. ಎತ್ತರದವರು, ಗಿಡ್ಡರು, ಎಡಗೈಯವರು ಎಲ್ಲರೂ ಅದನ್ನೇ ಹಿಡಿಯಬೇಕು. ಒಬ್ಬರು ಸರಿ ಮಾಡಿಕೊಂಡ ಗುರಿಕಟ್ಟನ್ನು, ಅಂದರೆ ಗುರಿ ನೋಡುವ ಕಿಂಡಿಯನ್ನು, ಇನ್ನೊಬ್ಬರು ತಿರುಗಿಸಿಬಿಡುವರು. ನಸೀಮಾಳ ಅರ್ಧ ಬೆಳಗ್ಗೆ ಅದನ್ನು ಸರಿಪಡಿಸುವುದರಲ್ಲೇ ಕಳೆಯುತ್ತಿತ್ತು. ರಾಜ್ಯಮಟ್ಟದ ಸ್ಪರ್ಧೆಗೆ ಹೋಗಬೇಕಾದರೆ ಸ್ವಂತ ರೈಫಲ್ ಬೇಕೇ ಬೇಕು ಎಂದು ನಾನು ಹೇಳಿದೆ. ಅವಳು ಮುಂದಿನ ಭಾನುವಾರ ಜೊತೆಗೆ ಅತ್ತೆಯನ್ನು ಕರೆದುಕೊಂಡು ಬಂದಳು.

ಅತ್ತೆ ಜೈಬುನ್ನಿಸಾ ಶಿರಾ ಪೇಟೆಯಲ್ಲಿ ಬಳೆ ಅಂಗಡಿ ನಡೆಸುವ ಹೆಂಗಸು. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನೂ ಮನೆಯನ್ನೂ ಒಬ್ಬಳೇ ನಡೆಸಿದ್ದಳು. ಬಂಡೆಯ ನೆರಳಲ್ಲಿ ಕೂತು ಸೊಸೆ ಹೊಡೆಯುವುದನ್ನು ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು, ಫ್ರಿಡ್ಜ್ ಕೊಳ್ಳೋಕೆ ಅಂತ ಎತ್ತಿಟ್ಟ ದುಡ್ಡಿದೆ, ಅಷ್ಟರಲ್ಲಿ ಒಂದು ಬಂದೂಕು ಬರುತ್ತದಾ ಎಂದು ವಿಚಾರಿಸಿದಳು. ಫ್ರಿಡ್ಜ್ ಬೇಡವೇ ಎಂದು ಕೇಳಿದೆ.

"ನೋಡಣ್ಣ, ಫ್ರಿಡ್ಜು ಬಂದ್ರೆ ನೀರು ತಣ್ಣಗಾಯ್ತದೆ, ಅಷ್ಟೇಯ. ಈ ಹುಡುಗಿ ಹೊಟ್ಟೆಯೊಳಗಿನ ಬೆಂಕಿ ತಣ್ಣಗಾಗ್ಬೇಕಲ್ಲ, ಅದುಕ್ಕೇನ್ ಮಾಡ್ಲಿ?"

ಆ ದುಡ್ಡಿನಲ್ಲಿ ಹೊಸ ವಿದೇಶಿ ರೈಫಲ್ ಕನಸಿನ ಮಾತು. ಆದರೆ ಸೆಕೆಂಡ್ ಹ್ಯಾಂಡ್ ಬೋಲ್ಟ್ ಆಕ್ಷನ್ ಸಿಗಬಹುದಿತ್ತು. ಬೋಲ್ಟ್ ಆಕ್ಷನ್ ಎಂದರೆ ಬಾಗಿಲ ಚಿಲಕದ ಹಾಗೆ: ಹಿಡಿ ಎತ್ತಿ ಹಿಂದಕ್ಕೆಳೆದರೆ ಖಾಲಿ ಕವಚ ಹೊರಗೆ, ಮುಂದಕ್ಕೆ ದೂಡಿ ಕೆಳಗಿಳಿಸಿದರೆ ಹೊಸ ಗುಂಡು ಒಳಗೆ. ಒಂದು ಸಲಕ್ಕೆ ಒಂದೇ ಗುಂಡು. ಕೆಡುವ ಭಾಗಗಳು ಕಡಿಮೆ. ಕೈಯಿಂದ ಗಟ್ಟಿಯಾಗಿ ಮುಚ್ಚುವುದರಿಂದ ಪ್ರತಿ ಗುಂಡೂ ಒಂದೇ ರೀತಿ ಕೂರುತ್ತದೆ. ಗುರಿಯಾಟಕ್ಕೆ ಬೇಕಾದದ್ದು ಅದೇ. ಜೈಬುನ್ನಿಸಾಗೆ ಇನ್ನೊಂದು ಮಾತನ್ನೂ ಹೇಳಿದೆ. ಬಂದೂಕು ಒಂದು ಸಲ ಕೊಳ್ಳುವುದು, ಗುಂಡು ತಿಂಗಳು ತಿಂಗಳೂ ಕೊಳ್ಳುವುದು. ಇರುವ ದುಡ್ಡನ್ನೆಲ್ಲ ಬಂದೂಕಿಗೇ ಸುರಿದರೆ ಅದನ್ನು ಬೀರುವಿನಲ್ಲಿಟ್ಟು ನೋಡುತ್ತ ಕೂರಬೇಕಾಗುತ್ತದೆ. ವ್ಯಾಪಾರಸ್ಥೆ, ತಕ್ಷಣ ಅರ್ಥ ಮಾಡಿಕೊಂಡಳು.

ಸುದ್ದಿ ತಿಳಿದ ಕೂಡಲೇ ಕ್ಲಬ್ಬಿನ ಕಾರ್ಯದರ್ಶಿ ಮುಂದೆ ಬಂದರು. ರಸ್ತೆ ಕಾಮಗಾರಿಯ ಕಂಟ್ರಾಕ್ಟರ್, ಕ್ಲಬ್ಬಿಗೆ ನೆರಳಿನ ಶೀಟು ಹಾಕಿಸಿಕೊಟ್ಟವರು. ಅವರ ಹತ್ತಿರ ಒಂದು ಜರ್ಮನ್ ರೈಫಲ್ ಇತ್ತು. ಹೊಸದೊಂದಕ್ಕೆ ಅವರ ಮನಸ್ಸು ಹೋಗಿತ್ತು, ಹಳೆಯದನ್ನು ನಸೀಮಾಳಿಗೆ ದಾಟಿಸುವ ಯೋಚನೆ. ಈಗ ಇದ್ದಷ್ಟು ಕೊಡಲಿ, ಉಳಿದದ್ದನ್ನು ನಿಧಾನವಾಗಿ ತೀರಿಸಲಿ ಎಂದರು. ಆಕ್ರೋಟದ ಮರ, ಕನ್ನಡಿಯಂಥ ಪಾಲಿಶು. ನಸೀಮಾ ಅದನ್ನು ಮುಟ್ಟಿ ನೋಡಿದ ರೀತಿಯಲ್ಲೇ ಆಸೆ ಕಾಣುತ್ತಿತ್ತು.

ನಾನು ಬೋಲ್ಟ್ ಬಿಚ್ಚಿ ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದೆ. ನಳಿಗೆಯ ಒಳಗೋಡೆಯಲ್ಲಿ ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳಿರುತ್ತವೆ. ಅವುಗಳ ನಡುವೆ ಸಿಡುಬಿನ ಕಲೆಯಂಥ ತುಕ್ಕು ಕಂಡಿತು. ಸ್ಪಂಜಿನ ಪೆಟ್ಟಿಗೆಯಲ್ಲಿ ತೇವ ಕೂತು ಹಾಗಾಗಿತ್ತು. ನಳಿಗೆಯ ಬಾಯಂಚೂ ಕಬ್ಬಿಣದ ಕಡ್ಡಿ ಉಜ್ಜಿ ಒಂದು ಕಡೆ ಸವೆದಿತ್ತು. ಗುಂಡು ಕೊನೆಯದಾಗಿ ಮುಟ್ಟಿ ಹೋಗುವುದು ಆ ಅಂಚನ್ನೇ. ಅಲ್ಲಿ ಓರೆಯಾದರೆ ಐವತ್ತು ಮೀಟರ್ ಆಚೆ ಎಲ್ಲಿಗೋ ಹೋಗುತ್ತದೆ. ಕಂಡದ್ದನ್ನು ಹಾಗೇ ಹೇಳಿದೆ. ಕಾರ್ಯದರ್ಶಿಗಳ ಮುಖ ಬಿಗಿಯಾಯಿತು.

ಇನ್ನೊಂದು ರೈಫಲ್ಲಿನ ಸುಳಿವು ನನಗಿತ್ತು. ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯಲ್ಲಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ಹಿಂದೆ ಗುರಿಯಾಟ ಆಡುತ್ತಿದ್ದರು. ಕಣ್ಣಿನ ನರ ಸೊರಗಿ, ದೃಷ್ಟಿ ಮಂದವಾಗಿ ನಿಲ್ಲಿಸಿದ್ದರು. ಅತ್ತೆ, ಸೊಸೆ, ನಾನು ಮೂವರೂ ಹೋದೆವು. ಅಂಗಳದ ತುಂಬ ಕಡಲೆಕಾಯಿ ಹರಡಿತ್ತು, ಕಾಲಿಡಲು ಜಾಗವಿರಲಿಲ್ಲ. ಮೇಷ್ಟ್ರು ಬೀಗ ತೆಗೆದು ತಂದದ್ದು ನಮ್ಮ ದೇಶದ ಕಾರ್ಖಾನೆಯಲ್ಲೇ ಆದ ಸಾದಾ ಬೋಲ್ಟ್ ಆಕ್ಷನ್. ಮರಕ್ಕೆ ಬೆಂಚಿಗೆ ಬಳಿಯುವ ಕಂದು ಬಣ್ಣ ಬಳಿದಿದ್ದರು. ನೋಡಿದರೆ ಯಾರಿಗೂ ಬೇಡವೆನಿಸುವಂಥದ್ದು. ನಳಿಗೆ ಮಾತ್ರ ತೊಳೆದಿಟ್ಟ ಬೆಳ್ಳಿ ಲೋಟದ ಒಳಗಿನ ಹಾಗಿತ್ತು.

"ಚೂಡ್ಡಾನಿಕಿ ಚಂದ ಇಲ್ಲ ಸಾರ್, ಒಪ್ಕೊಂತೀನಿ," ಎಂದರು ಮೇಷ್ಟ್ರು, ನೋಡೋಕೆ ಎನ್ನುವುದನ್ನು ಆ ಕಡೆಯ ತೆಲುಗಿನಲ್ಲಿ. "ಆದ್ರೆ ಇದು ಸುಳ್ಳು ಹೇಳಲ್ಲ. ನೀವು ತಪ್ಪು ಮಾಡಿದ್ರೆ ತಪ್ಪು ಅಂತ್ಲೇ ತೋರಿಸ್ತದೆ."

ಮಾತಿನ ಮೇಲೆ ಬಂದೂಕು ಕೊಳ್ಳಬಾರದು. ಎರಡನ್ನೂ ಒಂದೇ ದಿನ ಕ್ವಾರಿಯಲ್ಲಿ ಪರೀಕ್ಷಿಸಲು ಗೊತ್ತು ಮಾಡಿದೆ. ಮೇಷ್ಟ್ರು ತಮ್ಮ ರೈಫಲ್ಲಿನ ಜೊತೆ ತಾವೇ ಬಾಡಿಗೆ ಕಾರಿನಲ್ಲಿ ಬಂದರು, ಕಾರ್ಯದರ್ಶಿಗಳೂ ತಮ್ಮದನ್ನು ತಂದರು. ಮೇಜಿನ ಮೇಲೆ ಮರಳುಚೀಲ ಇಟ್ಟು, ಅದರ ಮೇಲೆ ರೈಫಲ್ ಒರಗಿಸಿ, ಒಂದೇ ಜಾತಿಯ ಗುಂಡಿನಿಂದ ಐದೈದು ಸಲ ಹೊಡೆದೆ. ಇಲ್ಲಿ ನೋಡಬೇಕಾದದ್ದು ಗುಂಡು ನಟ್ಟನಡುವೆ ಬಿತ್ತೇ ಎಂದಲ್ಲ, ಐದೂ ಎಷ್ಟು ಹತ್ತಿರ ಹತ್ತಿರ ಬಿದ್ದವು ಎಂದು. ನಡುವಿಗೆ ತರುವುದು ಸ್ಕ್ರೂ ತಿರುಗಿಸುವಷ್ಟರ ಕೆಲಸ, ಚದುರುವುದನ್ನು ಯಾವ ಸ್ಕ್ರೂ ಕೂಡಿಸುವುದಿಲ್ಲ. ಗುರಿಕಾಗದದ ಮೇಲೆ ಜರ್ಮನ್ ರೈಫಲ್ಲಿನ ಐದು ತೂತುಗಳನ್ನು ಮುಚ್ಚಲು ಅಂಗೈ ಬೇಕಾಯಿತು. ಮೇಷ್ಟ್ರ ರೈಫಲ್ಲಿನವನ್ನು ಒಂದು ರೂಪಾಯಿ ನಾಣ್ಯ ಮುಚ್ಚಿತು. ಕೈಯ ತಪ್ಪು ಇರಬಹುದೆಂದು ನಸೀಮಾ ಕೈಯಲ್ಲೂ, ಕಾರ್ಯದರ್ಶಿಗಳ ಕೈಯಲ್ಲೂ ಹೊಡೆಸಿದೆ. ಬದಲಾಗಲಿಲ್ಲ.

ಅಷ್ಟಾದ ಮೇಲೆ ಸಮಸ್ಯೆ ಬೇರೆ ರೂಪದಲ್ಲಿ ಬಂತು. ಲೈಸೆನ್ಸಿಗೆ ಅರ್ಜಿ ಹಾಕಲು ಕ್ಲಬ್ಬಿನ ಶಿಫಾರಸು ಬೇಕು. ಸಮಿತಿಯ ಸಭೆಯಲ್ಲಿ ಕಾರ್ಯದರ್ಶಿಗಳು ತಕರಾರು ತೆಗೆದರು. ಇಂಥ ಡಕೋಟ ಹಿಡಿದು ಹೋದರೆ ಕ್ಲಬ್ಬಿನ ಮಾನ ಹೋಗುತ್ತದೆ, ವಿದೇಶದಿಂದ ಬಂದ ಸರಿಯಾದ ರೈಫಲ್ ಇದ್ದರೆ ಮಾತ್ರ ಶಿಫಾರಸು ಎಂದರು. ಉಳಿದವರು ತಲೆ ತಗ್ಗಿಸಿ ಟೀ ಕುಡಿದರು. ನಾನು ಎರಡೂ ಗುರಿಕಾಗದಗಳನ್ನು ಮೇಜಿನ ಮೇಲೆ ಹಾಕಿ, ಆ ನಿಯಮವನ್ನು ನಡಾವಳಿಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ, ಹಾಕಿದ ಮಾರನೇ ದಿನದಿಂದ ನಾನು ಬರುವುದಿಲ್ಲ ಎಂದೆ. ಇಲಾಖೆಯಲ್ಲಿದ್ದಷ್ಟು ಕಾಲ ಮೇಲಿನವರಿಗೆ ಎದುರು ಮಾತಾಡಿದವನಲ್ಲ. ಆ ದಿನ ಮಾತು ತಾನಾಗಿ ಬಂತು.

ಬಾಗಿಲ ಬಳಿ ನಿಂತಿದ್ದ ನಸೀಮಾ ಒಳಗೆ ಬಂದಳು. ದನಿ ಏರಿಸಲಿಲ್ಲ.

"ಸಾರ್, ಬಂದೂಕು ಚೆನ್ನಾಗಿಲ್ಲ ಅಂತ ನೀವು ಕಾಗದ ತೋರಿಸಿ ಹೇಳಿ, ಬುಟ್ಬುಡ್ತೀನಿ. ನಾನು ಬಡವಿ ಅಂತ ಹೇಳೋದಾದ್ರೆ ಬುಡಲ್ಲ."

ಕಾರ್ಯದರ್ಶಿಗಳು, ಯಾರೂ ಹಾಗಂದಿಲ್ಲ ಎಂದರು. ಹಾಗಾದರೆ ಶಿಫಾರಸಿಗೆ ಸಹಿ ಹಾಕಿ ಎಂದಳು. ಅವರು ಗುರಿಕಾಗದಗಳನ್ನು ಇನ್ನೊಮ್ಮೆ ಎತ್ತಿ ನೋಡಿದರು. ಕೊನೆಗೆ ಸಹಿ ಬಿತ್ತು.

ಪೊಲೀಸ್ ಪರಿಶೀಲನೆ ಮುಗಿದು ಲೈಸೆನ್ಸ್ ಕೈಗೆ ಬರುವ ಹೊತ್ತಿಗೆ ಮಾವಿನ ಕಾಲ ಕಳೆದಿತ್ತು. ವಿಚಾರಣೆಗೆ ಮನೆಗೆ ಬಂದ ಅಧಿಕಾರಿ, ಹೆಣ್ಣುಮಗಳಿಗೆ ಇದೆಲ್ಲ ಯಾತಕ್ಕೆ ಎಂದು ಸಹಜವಾಗಿಯೇ ಕೇಳಿದರಂತೆ. ಜೈಬುನ್ನಿಸಾ ಅವರಿಗೆ ಚಹಾ ಕೊಟ್ಟು, ಗೋಡೆಗೆ ಕಚ್ಚಿಸಿ ಕೂರಿಸಿದ ಉಕ್ಕಿನ ಬೀರು ತೋರಿಸಿ, ಬೀಗದ ಕೈ ತನ್ನ ಸೊಂಟದಲ್ಲಿ ಇರುತ್ತದೆ ಎಂದು ಹೇಳಿ ಕಳಿಸಿದಳಂತೆ.

ರೈಫಲ್ ಬಂದ ಮೇಲೂ ಕೆಲಸವಿತ್ತು. ಎತ್ತರದ ಗಂಡಸಿನ ಅಳತೆಗೆ ಮಾಡಿದ ಹಿಂಬದಿಯ ಮರದ ಹಿಡಿ ನಸೀಮಾಳ ಭುಜಕ್ಕೆ ಉದ್ದವಾಗುತ್ತಿತ್ತು, ಕೆನ್ನೆಗೆ ಆಸರೆ ಸಿಗುತ್ತಿರಲಿಲ್ಲ. ಟ್ರಿಗರ್ ತುಕ್ಕು ಹಿಡಿದ ರಾಟೆಯಷ್ಟು ಬಿಗಿ. ನಿವೃತ್ತನಾದವನು ಮನೆಯಲ್ಲಿ ಕೂತು ಬಂದೂಕು ಬಿಚ್ಚುವುದು ಕಾನೂನಿಗೆ ಸಲ್ಲದು. ಲೈಸೆನ್ಸ್ ಇರುವ ಅಂಗಡಿಗೆ ಕೊಟ್ಟು, ಏನಾಗಬೇಕೆಂದು ಪಕ್ಕದಲ್ಲಿ ನಿಂತು ಹೇಳಿ, ಹಿಡಿಯನ್ನು ಕತ್ತರಿಸಿ, ಕೆನ್ನೆಗೆ ಮರದ ದಿಂಬು ಕೂರಿಸಿ, ಟ್ರಿಗರ್ ಹದಕ್ಕೆ ತರಿಸಿದೆವು. ಫ್ರಿಡ್ಜಿನ ದುಡ್ಡಿನಲ್ಲಿ ಗುಂಡಿಗೂ ಉಳಿಯಿತು.

ಆ ವರ್ಷದ ಮಳೆಗಾಲ, ಚಳಿಗಾಲ ಎರಡೂ ಕ್ವಾರಿಯಲ್ಲೇ ಕಳೆದವು. ಬಂಡೆ ಕಾದರೆ ಗಾಳಿ ಕುಣಿದು ಗುರಿ ನೀರಿನೊಳಗಿದ್ದಂತೆ ಅಲುಗುತ್ತದೆ. ಬಿಸಿಲೇರುವ ಮುಂಚೆ ಮುಗಿಸುತ್ತಿದ್ದೆವು. ನಸೀಮಾ ದಣಿದು ನನಗೇ ಬೈದದ್ದುಂಟು, ನಾನು ಬೈದಾಗ ಅವಳು ಮುನಿಸಿಕೊಂಡು ಬಸ್ಸು ಹತ್ತಿದ್ದೂ ಉಂಟು. ಮುಂದಿನ ಭಾನುವಾರ ಮೊದಲ ಬಸ್ಸಿಗೇ ಇಳಿಯುತ್ತಿದ್ದಳು.

ರಾಜ್ಯಮಟ್ಟದ ಸ್ಪರ್ಧೆಯ ದಿನ ಸಾಲಿನಲ್ಲಿದ್ದ ರೈಫಲ್ಲುಗಳನ್ನು ನೋಡಿ ನನಗೇ ಅಳುಕಾಯಿತು. ಕೆಂಪು, ನೀಲಿ, ಅಲ್ಯೂಮಿನಿಯಂ, ಬೆರಳಿಗೊಂದು ಸ್ಕ್ರೂ. ನಡುವೆ ನಮ್ಮ ಕಂದು ಬಣ್ಣದ ಕಟ್ಟಿಗೆ. ಪಕ್ಕದವನೊಬ್ಬ ಇದನ್ನು ಯಾವ ಮ್ಯೂಸಿಯಂನಿಂದ ತಂದಿರಿ ಎಂದ. ನಸೀಮಾ ಅವನ ಕಡೆ ತಿರುಗಲೂ ಇಲ್ಲ, ಚಾಪೆ ಹಾಸಿಕೊಂಡು ಮಲಗಿದಳು.

ಹೊಡೆಯಬೇಕಾದದ್ದು ಅರವತ್ತು ಗುಂಡು. ಹತ್ತು ಅಂಕದ ಒಳವೃತ್ತ ಸುಮಾರು ಒಂದು ಸೆಂಟಿಮೀಟರ್ ಅಗಲ, ಷರಟಿನ ಗುಂಡಿಯಷ್ಟು. ಮೊದಲರ್ಧ ಚೆನ್ನಾಗಿ ಹೋಯಿತು. ಆಮೇಲೆ ಒಂದು ಗುಂಡು ಸಿಡಿಯಲಿಲ್ಲ. ಟ್ರಿಗರ್ ಎಳೆದಳು, ಟಿಕ್ ಎಂದಿತು, ಅಷ್ಟೇ. ಇಂಥ ಹೊತ್ತಿನಲ್ಲಿ ಗಾಬರಿಯಾಗಿ ಬೋಲ್ಟ್ ಎಳೆದವರ ಮುಖದ ಹತ್ತಿರವೇ ಗುಂಡು ತಡವಾಗಿ ಸಿಡಿದದ್ದನ್ನು ನಾನು ನೋಡಿದ್ದೇನೆ. ಅವಳು ಎಳೆಯಲಿಲ್ಲ. ನಳಿಗೆ ಗುರಿಯ ಕಡೆಗೇ ಇಟ್ಟು, ಒಂದು ಕೈ ಎತ್ತಿ ಕಾದಳು. ಗುರಿಯಾಟದ ಅಂಕಣ ನೋಡಿಕೊಳ್ಳುವ ರೇಂಜ್ ಅಧಿಕಾರಿ ಬಂದು, ಸಾಕಷ್ಟು ಕಾದು, ಗುಂಡು ಹೊರತೆಗೆಸಿ ನೋಡಿದರು. ಕವಚದ ಅಂಚಿನ ಮೇಲೆ, ಗುಂಡು ಸಿಡಿಸುವ ಪಿನ್ನಿನ ಏಟು ಆಳವಾಗಿ ಬಿದ್ದಿತ್ತು. ಕೆಟ್ಟದ್ದು ಗುಂಡು, ರೈಫಲ್ ಅಲ್ಲ.

ನಮ್ಮ ಕಾರ್ಯದರ್ಶಿಗಳೂ ಅಲ್ಲಿದ್ದರು. ನೋಡುವವರನ್ನು ತಡೆಯಲು ಕಟ್ಟಿದ ಹಗ್ಗದ ಈಚೆ ನಿಂತಿದ್ದ ನನ್ನ ಹತ್ತಿರ ಬಂದು, ತಮ್ಮ ಹೊಸ ರೈಫಲ್ ಬೇಕಾದರೆ ಕೊಡುತ್ತೇನೆ, ಅಧಿಕಾರಿಗಳ ಒಪ್ಪಿಗೆ ಕೇಳೋಣ ಎಂದರು. ಅದರಲ್ಲಿ ಕುಹಕವಿರಲಿಲ್ಲ. ಸ್ಪರ್ಧಿಯ ಜೊತೆ ಮಾತಾಡುವಂತಿಲ್ಲದ್ದರಿಂದ ಅಧಿಕಾರಿಯ ಮೂಲಕವೇ ವಿಷಯ ಮುಟ್ಟಿತು. ಅವಳು ಮಲಗಿದಲ್ಲಿಂದಲೇ ಕೊಟ್ಟ ಉತ್ತರ ನಮ್ಮಿಬ್ಬರಿಗೂ ಕೇಳಿಸಿತು.

"ಬೇಡ ಸಾರ್. ಇದು ನಂದು. ಇದ್ರಾಗೇ ಮುಗಿಸ್ತೀನಿ."

ಉಳಿದ ಗುಂಡುಗಳನ್ನು ನಾನು ಎಣಿಸಲಿಲ್ಲ, ಅವಳ ಬೆನ್ನನ್ನೇ ನೋಡುತ್ತಿದ್ದೆ. ಅದು ಏರಿ ಇಳಿಯುವುದು, ನಿಲ್ಲುವುದು, ಮತ್ತೆ ಏರುವುದು. ಕೊನೆಯಲ್ಲಿ ಗಾಳಿ ಬೀಸಿದಾಗ ಎರಡು ಸಲ ರೈಫಲ್ ಇಳಿಸಿ ಕಾದಳು. ಅವಸರ ಮಾಡಿದ ಪಕ್ಕದವನಿಗೆ ಆ ಗಾಳಿಯಲ್ಲೇ ಅಂಕ ಹೋದವು.

ಪದಕ ಬರಲಿಲ್ಲ. ಪದಕದ ಹತ್ತಿರವೂ ಬರಲಿಲ್ಲ. ಆದರೆ ಮೇಲಿನ ಹಂತಕ್ಕೆ ಬೇಕಾದ ಅರ್ಹತೆಯ ಗೆರೆಯನ್ನು ಕೂದಲೆಳೆಯಲ್ಲಿ ದಾಟಿದಳು. ಫಲಿತಾಂಶದ ಹಲಗೆಯ ಮುಂದೆ ಜೈಬುನ್ನಿಸಾ ಸೊಸೆಯ ಹೆಸರು ಎಲ್ಲಿದೆ ಎಂದು ನನ್ನನ್ನು ಕೇಳಿ ತಿಳಿದುಕೊಂಡು, ಅದರ ಮೇಲೆ ಬೆರಳಿಟ್ಟು ನಿಂತಳು. ಹಿಂದಿನವರು ಜರುಗಿ ಎಂದರೂ ಜರುಗಲಿಲ್ಲ.

ಈಗ ಶಿರಾ, ತಾವರೆಕೆರೆ ಕಡೆಯಿಂದ ಇನ್ನೂ ನಾಲ್ಕಾರು ಹೆಣ್ಣುಮಕ್ಕಳು ಭಾನುವಾರ ಬರುತ್ತಾರೆ. ಅವರಿಗೆ ಮಲಗುವುದನ್ನೂ ಉಸಿರು ಹಿಡಿಯುವುದನ್ನೂ ಕಲಿಸುವವಳು ನಸೀಮಾ. ಮೊನ್ನೆ ಕಾರ್ಯದರ್ಶಿಗಳು ನನ್ನನ್ನು ಪಕ್ಕಕ್ಕೆ ಕರೆದು, ಅಂಥದೇ ಇನ್ನೆರಡು ರೈಫಲ್ ಎಲ್ಲಾದರೂ ಸಿಕ್ಕರೆ ಕ್ಲಬ್ಬಿಗೆ ಕೊಳ್ಳೋಣ ಎಂದರು. ನಾನು ಖುಷಿಯಾಗಿ ಹೂಂ ಎನ್ನಬಹುದಿತ್ತು. ಎನ್ನಲಿಲ್ಲ. ಯಾರ ಭುಜಕ್ಕೆ ಎಂದು ಕೇಳಿದೆ. ಅವರಿಗೆ ಅರ್ಥವಾಗಲಿಲ್ಲ.

ಮೂರು ದಶಕ ಬಂದೂಕುಗಳ ನಡುವೆ ಬದುಕಿದವನು ಕಲಿತದ್ದು ಇಷ್ಟೇ. ಅಂಗಡಿಯವನು ಹೆಸರು ಹೇಳುತ್ತಾನೆ, ನೋಡುವವರು ಬಣ್ಣ ಹೇಳುತ್ತಾರೆ, ಗುರಿಕಾಗದ ಮಾತ್ರ ನಿಜ ಹೇಳುತ್ತದೆ. ಅದನ್ನು ಕೇಳಿಸಿಕೊಂಡ ಮೇಲೆ ಯಾರು ನಕ್ಕರೂ ಜರುಗಬಾರದು. ಕಾರ್ಯದರ್ಶಿಗಳಿಗೆ ಬಿಡಿಸಿ ಹೇಳಿದೆ: ಮೊದಲು ಆ ಹುಡುಗಿಯರನ್ನು ಕರೆಯಿರಿ, ಅವರ ತೋಳಿನ ಅಳತೆ ತೆಗೆದುಕೊಳ್ಳೋಣ, ರೈಫಲ್ ಆಮೇಲೆ ಹುಡುಕೋಣ.